ಬರೆದರೂ ಉಚ್ಚರಿಸದ ಅಕ್ಷರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ಮಕ್ಕಳಿಗೆ ಇಂಗ್ಲಿಷ್ ಅಂದರೆ ಭಯ. ನೀನೂ ಇಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಇ. ಮಾಡಿದವನು, ಧೈರ್ಯ ಬರುವ ಹಾಗೆ ಎರಡು ಮಾತು ಹೇಳು" ಎಂದರು. ವ್ಯಾಕರಣ ಹೇಳುವುದಕ್ಕೆ ನಮ್ಮ ಮೇಷ್ಟ್ರುಗಳಿದ್ದಾರೆ. ಜನ ಯಾವ ಇಂಗ್ಲಿಷ್ ಪದಗಳನ್ನು ಇಷ್ಟಪಡುತ್ತಾರೆ, ಯಾಕೆ ಇಷ್ಟಪಡುತ್ತಾರೆ ಎಂದು ಹೇಳಿ, ಕೊನೆಗೆ ನನಗಿಷ್ಟವಾದ ಒಂದು ಪದದ ಕಥೆ ಹೇಳುತ್ತೇನೆ.

2004ರಲ್ಲಿ ಬ್ರಿಟಿಷ್ ಕೌನ್ಸಿಲ್ ಸಂಸ್ಥೆಗೆ 70 ವರ್ಷ ತುಂಬಿತು. ಆಗ ಅವರು ಇಂಗ್ಲಿಷ್ ಮನೆಮಾತಲ್ಲದ 102 ದೇಶಗಳ 40,000ಕ್ಕೂ ಹೆಚ್ಚು ಜನರನ್ನು ಕೇಳಿದರು: ಇಂಗ್ಲಿಷಿನಲ್ಲಿ ಅತಿ ಸುಂದರವಾದ ಪದ ಯಾವುದು? ಮೊದಲ ಸ್ಥಾನ 'ಮದರ್' ಪದಕ್ಕೆ ಬಂತು. ಆಮೇಲೆ 'ಪ್ಯಾಶನ್', 'ಸ್ಮೈಲ್', 'ಲವ್'. ದೂರದ ಭಾಷೆ ಕಲಿತ ಆ ಜನ ತಮ್ಮ ಮನೆಯ ಅಮ್ಮನನ್ನೇ ಆ ಪದದಲ್ಲಿ ಕಂಡಿರಬೇಕು. 70 ಪದಗಳ ಆ ಪಟ್ಟಿಯಲ್ಲಿ 'ಫಾದರ್' ಮಾತ್ರ ಇರಲೇ ಇಲ್ಲ. ಇಲ್ಲಿರುವ ಅಪ್ಪಂದಿರು ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ವಿಷಯಕ್ಕೂ ಬರುತ್ತೇನೆ.

ಕೆಲವರು ಅರ್ಥಕ್ಕಿಂತ ನಾದಕ್ಕೆ ಮರುಳಾಗುತ್ತಾರೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ 1955ರ ಒಂದು ಉಪನ್ಯಾಸದಲ್ಲಿ 'ಸೆಲರ್ ಡೋರ್' ಎಂಬ ಮಾತನ್ನು ಸುಂದರ ಎಂದರು. ಅದರ ಅರ್ಥ ನೆಲಮಾಳಿಗೆಯ ಬಾಗಿಲು, ಅಷ್ಟೆ! ಆದರೆ ಅರ್ಥ ಮರೆತು ಒಮ್ಮೆ ಹೇಳಿ ನೋಡಿ, ಕಿವಿಗೆ ಹಿತವಾಗಿದೆ.

ಇನ್ನು ಕೆಲವು ಪದಗಳಲ್ಲಿ ಕಥೆ ಇರುತ್ತದೆ. 'ಸೆರೆಂಡಿಪಿಟಿ' ಎಂದರೆ ಹುಡುಕದೆಯೇ ಒಳ್ಳೆಯದೊಂದು ಸಿಗುವುದು. ಹೊರೇಸ್ ವಾಲ್‌ಪೋಲ್ ಎಂಬ ಇಂಗ್ಲಿಷ್ ಲೇಖಕ 1754ರಲ್ಲಿ ಒಂದು ಪತ್ರ ಬರೆಯುವಾಗ ಇದನ್ನು ಸೃಷ್ಟಿಸಿದ. ಸೆರೆಂಡಿಪ್ ದೇಶದ ಮೂವರು ರಾಜಕುಮಾರರ ಕಥೆಯಿಂದ ಅದನ್ನು ತೆಗೆದುಕೊಂಡ. ಸೆರೆಂಡಿಪ್ ಎಂದರೆ ಶ್ರೀಲಂಕಾ. ಆ ಹೆಸರಿನ ಮೂಲ 'ಸಿಂಹಳ ದ್ವೀಪ'. ದೊಡ್ಡ ಪದ ಎಂದು ಹೆದರುತ್ತಾ ಹತ್ತಿರ ಹೋದರೆ, ಒಳಗೆ ನಮ್ಮ ನೆರೆಯ ದ್ವೀಪವೇ ಕೂತಿದೆ!

ಈಗ ನನ್ನ ಪದ. ಅದು 'ಡೆಟ್'. ಡಿ, ಇ, ಬಿ, ಟಿ. ಅರ್ಥ, ಸಾಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ 'ಟೆಕ್ನಿಕಲ್ ಡೆಟ್' ಎಂಬ ಮಾತಿದೆ. ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲಿ ಕೊಟ್ಟ ಹೋಲಿಕೆ ಅದು. ಇವತ್ತು ಅವಸರದಲ್ಲಿ ಪ್ರೋಗ್ರಾಂ ಬರೆದು ಮುಗಿಸಿದರೆ ಅದು ಸಾಲ ಮಾಡಿದ ಹಾಗೆ. ಬೇಗ ಸರಿಪಡಿಸದಿದ್ದರೆ ಮುಂದೆ ಬಡ್ಡಿ ಕಟ್ಟುತ್ತಲೇ ಇರಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಆ ಪದವನ್ನು ಓದಿದ್ದೆ, ಯಾರ ಬಾಯಲ್ಲೂ ಕೇಳಿರಲಿಲ್ಲ. ಒಂದು ಮೀಟಿಂಗಿನಲ್ಲಿ ಎದ್ದು ನಿಂತು 'ಡೆಬ್ಟ್' ಎಂದುಬಿಟ್ಟೆ. ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು.

ಅಂದಿನಿಂದ ಹೆಚ್ಚುಕಡಿಮೆ ಒಂದು ವರ್ಷ ನಾನು ಮೀಟಿಂಗಿನಲ್ಲಿ ಬಾಯಿ ತೆರೆಯಲಿಲ್ಲ. ಒಮ್ಮೆ ಒಂದು ಪ್ರೋಗ್ರಾಮಿನಲ್ಲಿ ತಪ್ಪಿರುವುದು ನನ್ನ ಕಣ್ಣಿಗೆ ಬಿದ್ದಿತ್ತು. ಹೇಳಲು ಹೋಗಿ ಇನ್ನೇನು ತಪ್ಪು ಉಚ್ಚರಿಸುತ್ತೇನೋ ಎಂದು ಸುಮ್ಮನಿದ್ದೆ. ಅದು ಗ್ರಾಹಕರ ಹತ್ತಿರ ಹೋಗಿ ಕೆಟ್ಟಿತು. ಹತ್ತು ಜನ ಎರಡು ರಾತ್ರಿ ನಿದ್ದೆಗೆಟ್ಟು ಸರಿಮಾಡಿದರು. ನಕ್ಕವರ ತಪ್ಪು ಚಿಕ್ಕದು, ಸುಮ್ಮನಿದ್ದ ನನ್ನ ತಪ್ಪು ದೊಡ್ಡದು.

ಆಮೇಲೆ ಒಂದು ದಿನ ಹಟ ಹಿಡಿದು ನಿಘಂಟು ತೆಗೆದೆ. ಈ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ 'ಬಿ' ಇರಲೇ ಇಲ್ಲ. 'ಡೆಬಿಟಮ್' ಎಂಬ ಲ್ಯಾಟಿನ್ ಮೂಲವನ್ನು ತೋರಿಸಲು ಪಂಡಿತರು ನಂತರ ಅದನ್ನು ಸೇರಿಸಿದರು. ಬರಹದಲ್ಲಿ 'ಬಿ' ಬಂತು, ಜನರ ನಾಲಿಗೆಗೆ ಬರಲಿಲ್ಲ. ನಿಮ್ಮ ಮೊಬೈಲಿಗೆ ಬ್ಯಾಂಕಿನಿಂದ ಬರುವ 'ಡೆಬಿಟ್' ಕೂಡ ಅದೇ ಮೂಲದ್ದು. ಅಲ್ಲಿ 'ಬಿ' ಕೇಳಿಸುತ್ತದೆ. ಬರೆದ ಹಾಗೆ ಓದುವ ಕನ್ನಡದ ಹುಡುಗ ನಾನು, ಕಂಡದ್ದನ್ನು ಓದಿದ್ದೆ. ಅದು ತಿಳಿದ ದಿನ ನನ್ನ ನಾಚಿಕೆ ಹೋಯಿತು, ಆ ಪದ ನನ್ನದಾಯಿತು.

ಇನ್ನೊಂದು ಕಾರಣವಿದೆ. ನನ್ನ ಬಿ.ಇ. ಫೀಸಿಗೆ ಅಪ್ಪ ಜಮೀನಿನ ಪತ್ರ ಇಟ್ಟು ಸಾಲ ಮಾಡಿದ್ದರು. ಎಷ್ಟು, ಯಾರ ಹತ್ತಿರ ಎಂದು ಒಂದು ದಿನವೂ ಹೇಳಲಿಲ್ಲ. ತೀರಿದ ಮೇಲೆ ಮಾತ್ರ ಫೋನ್ ಮಾಡಿ, "ಪತ್ರ ವಾಪಸ್ ಬಂತು ಕಣೋ" ಎಂದರು. 'ಡೆಟ್' ಪದದ 'ಬಿ' ನೋಡಿದಾಗಲೆಲ್ಲ ನನಗೆ ಅಪ್ಪನ ನೆನಪು. ಅಲ್ಲೇ ಇರುತ್ತದೆ, ಸದ್ದು ಮಾಡುವುದಿಲ್ಲ. ಆ 70 ಪದಗಳಲ್ಲಿ ಅಪ್ಪ ಇಲ್ಲದಿದ್ದರೇನು, ನನ್ನ ಒಂದು ಪದದಲ್ಲಿದ್ದಾರೆ.

ಕನ್ನಡದಲ್ಲಿ ನಮಗೆ ಸಾಲ ಬೇರೆ, ಋಣ ಬೇರೆ. ಸಾಲ ತೀರಿದರೆ ಪತ್ರ ವಾಪಸ್ ಬರುತ್ತದೆ. ಈ ಶಾಲೆಯ ಋಣಕ್ಕೆ ಅಂಥ ಪತ್ರವಿಲ್ಲ. ಆದರೂ ಒಂದು ಕಂತು ಕಟ್ಟುವ ಆಸೆ. ತಿಂಗಳಿಗೊಂದು ಶನಿವಾರ ಶಾಲೆ ಬಿಟ್ಟ ಮೇಲೆ ಹತ್ತನೇ ತರಗತಿಯವರ ಜೊತೆ ಕೂತು ಇಂಗ್ಲಿಷ್ ಗಟ್ಟಿಯಾಗಿ ಓದಿಸುತ್ತೇನೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಅಲ್ಲಿ ಒಂದೇ ನಿಯಮ: ತಪ್ಪು ಓದಿದವರನ್ನು ನೋಡಿ ಯಾರೂ ನಗಬಾರದು. 'ಡೆಬ್ಟ್' ಎಂದು ಓದಿದವರಿಗೆ ಆ 'ಬಿ' ಎಲ್ಲಿಂದ ಬಂತೆಂದು ಹೇಳೋಣ.

ಮಕ್ಕಳೇ, ಬರುವಾಗ ನಿಮಗಿಷ್ಟವಾದ ಒಂದೊಂದು ಪದ ತನ್ನಿ.