ಸಣ್ಣ ಫೋನಿನ ಭಾರ ಯಾರ ಮೇಲೆ?



ದೂರವಾಣಿ ಇಲಾಖೆಯಲ್ಲಿ ಕಂಬ, ತಂತಿ, ಎಕ್ಸ್‌ಚೇಂಜುಗಳ ನಡುವೆ ಕೆಲಸ ಮಾಡಿದವನನ್ನು ದತ್ತಿ ಉಪನ್ಯಾಸಕ್ಕೆ ಕರೆಯುವುದು ಅಪರೂಪ. ಸಾಹಿತ್ಯ, ಇತಿಹಾಸ, ಯಕ್ಷಗಾನದ ವಿದ್ವಾಂಸರು ನಿಂತು ಮಾತಾಡಿದ ಜಾಗದಲ್ಲಿ ನನ್ನನ್ನು ನಿಲ್ಲಿಸಿದ ಸಮಿತಿಗೆ ಋಣಿಯಾಗಿದ್ದೇನೆ. ಯಾರ ಹೆಸರಿನಲ್ಲಿ ಈ ದತ್ತಿ ನಡೆಯುತ್ತಿದೆಯೋ ಆ ಮಾಸ್ತರರ ಪಾಠ ಕೇಳುವ ಭಾಗ್ಯ ನನಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವರು ಜಗಲಿಯಲ್ಲಿ ಕುಳಿತು ಊರವರ ಕಾಗದ ಓದಿ ಹೇಳುತ್ತಿದ್ದರು, ಮನಿಆರ್ಡರ್ ಫಾರಂ ತುಂಬಿಕೊಡುತ್ತಿದ್ದರು ಎಂದು ಅವರ ಶಿಷ್ಯರಿಂದ ಕೇಳಿದ್ದೇನೆ. ಇಂದಿನ ವಿಷಯಕ್ಕೂ ಆ ಜಗಲಿಗೂ ಹತ್ತಿರದ ಸಂಬಂಧವಿದೆ.

ಮೊಬೈಲ್ ಗೀಳು ಎಂದರೇನು, ಅದು ಮಿದುಳಿಗೆ ಏನು ಮಾಡುತ್ತದೆ ಎಂಬುದನ್ನು ವೈದ್ಯರು ನನಗಿಂತ ಚೆನ್ನಾಗಿ ಹೇಳಬಲ್ಲರು. ಕನ್ನಡದಲ್ಲೇ ಸಾಕಷ್ಟು ಲೇಖನಗಳು ಬಂದಿವೆ. ಎರಡು ಸಂಗತಿ ನೆನಪಿಸಿ ಮುಂದೆ ಹೋಗುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಪರದೆಗೆ ಸಂಬಂಧಿಸಿ ಇರುವುದು ವಿಡಿಯೊ ಆಟದ ಗೀಳು ಮಾತ್ರ. 2022ರ ಜನವರಿಯಿಂದ ಜಾರಿಗೆ ಬಂದ ಆ ಪಟ್ಟಿಯಲ್ಲಿ ಮೊಬೈಲ್ ಗೀಳು ಪ್ರತ್ಯೇಕ ರೋಗವಾಗಿ ಸೇರಿಲ್ಲ. ಹಾಗೆಂದು ಸಂಕಟ ಸುಳ್ಳಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು 'ಶಟ್' ಎಂಬ ಚಿಕಿತ್ಸಾಲಯ ತೆರೆಯಿತು. ಇನ್ನೊಂದು, ಪುಟ ಮುಗಿಯದೆ ಕೆಳಗೆ ಉರುಳುತ್ತಲೇ ಹೋಗುವ ವ್ಯವಸ್ಥೆಯನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ತಂತ್ರಜ್ಞರೇ ಮುಂದೆ ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದರು. ಬೆರಳು ನಿಲ್ಲದಂತೆ ಮಾಡುವುದೇ ಆ ಕಟ್ಟೋಣದ ಗುಣ. ಹಾಗಿರುವಾಗ ಹುಡುಗರ ಮನಸ್ಸು ಗಟ್ಟಿಯಿಲ್ಲ ಎಂದು ಬೈಯುವುದು ಅರ್ಧ ಸತ್ಯ.

ಈ ಗೀಳಿಗೆ ಪ್ರತಿಯಾಗಿ ಹುಟ್ಟಿದ್ದು 'ಕಡಿಮೆ ಕೆಲಸದ ಫೋನು'. 2014ರಲ್ಲಿ ನ್ಯೂಯಾರ್ಕಿನಲ್ಲಿ ಗೂಗಲ್ ನಡೆಸುತ್ತಿದ್ದ ಒಂದು ತರಬೇತಿಯಲ್ಲಿ ಪರಿಚಯವಾದ ಜೋ ಹಾಲಿಯರ್ ಮತ್ತು ಕೈವೇ ಟ್ಯಾಂಗ್ 'ಲೈಟ್ ಫೋನ್' ಮಾಡಲು ಹೊರಟರು. 2017ರಲ್ಲಿ ಕೈಸೇರಿದ ಮೊದಲ ಮಾದರಿ ಎಟಿಎಂ ಕಾರ್ಡಿನಷ್ಟು ಅಗಲ. ಕರೆ ಮಾಡಲು ಒಂಬತ್ತು ನಂಬರ್ ಇಟ್ಟುಕೊಳ್ಳಬಹುದಿತ್ತು, ಬೇರೇನೂ ಇರಲಿಲ್ಲ. 2019ರ ಎರಡನೆಯದಕ್ಕೆ ಕಣ್ಣಿಗೆ ಹೊಡೆಯದ ಇ-ಇಂಕ್ ಪರದೆ ಬಂತು, 2025ರ ಮೂರನೆಯದಕ್ಕೆ ಕ್ಯಾಮರಾ ಸೇರಿತು. ಸ್ವಿಟ್ಜರ್ಲೆಂಡಿನ 'ಪುಂಕ್ಟ್' 2015ರಲ್ಲಿ ಜಾಸ್ಪರ್ ಮಾರಿಸನ್ ವಿನ್ಯಾಸದ ಬಟನ್ ಫೋನು ತಂದಿತ್ತು. ಈ ಜನರ ಕಳಕಳಿ ನಿಜವಾದದ್ದು, ಅದನ್ನು ಗೌರವಿಸುತ್ತೇನೆ. ಆದರೆ ತಂತಿಯ ಕೆಲಸ ಮಾಡಿದವನು ಮೊದಲು ಕೇಳುವುದು ಫೋನು ಯಾವ ತರಂಗಕ್ಕೆ ನಿಂತಿದೆ ಎಂದು. ಮೊದಲ ಲೈಟ್ ಫೋನು 2ಜಿಯದು. ಅದು ಹೊರಬಂದ 2017ರ ಆರಂಭದಲ್ಲೇ ಅಮೆರಿಕದ ಎಟಿ ಅಂಡ್ ಟಿ ತನ್ನ 2ಜಿ ನಿಲ್ಲಿಸಿತು. ಯಂತ್ರ ಕೆಡದೆಯೇ ಕೈಯಲ್ಲಿನ ಫೋನು ನಿರುಪಯೋಗಿಯಾಗುವುದು ಹೀಗೆ. ನಮ್ಮಲ್ಲೂ ಹಾಗೆಯೇ: ಜಿಯೋಗೆ ಹುಟ್ಟಿನಿಂದಲೇ 2ಜಿ ಇಲ್ಲ. ಅಟ್ಟದ ಮೇಲಿನ ಹಳೇ ನೋಕಿಯಾ 1100 ತೆಗೆದು ಒರೆಸಿ ಜಿಯೋ ಸಿಮ್ ಹಾಕಿದರೆ ಅದು ಉರಿಸುವುದು ತನ್ನ ಟಾರ್ಚನ್ನು ಮಾತ್ರ.

ಬಟನ್ ಇದ್ದ ಮಾತ್ರಕ್ಕೆ ಗೀಳು ತಪ್ಪುತ್ತದೆ ಎಂಬ ನಂಬಿಕೆಗೂ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿದೆ. 2017ರಲ್ಲಿ 1,500 ರೂಪಾಯಿ ಠೇವಣಿಗೆ ಜಿಯೋಫೋನ್ ಬಂತು. ನೋಡಲು ಕೀಪ್ಯಾಡ್ ಸೆಟ್ಟು, ಒಳಗೆ ಇಂಟರ್ನೆಟ್. 2018ರಲ್ಲಿ ವಾಟ್ಸಾಪ್, ಯೂಟ್ಯೂಬ್ ಎರಡೂ ಸೇರಿದವು. ಟಚ್ ಫೋನು ಮುಟ್ಟದವರ ಕೈಗೂ ವಿಡಿಯೊ ತಲುಪಿಸಿದ್ದು ಇದೇ. ಗೀಳು ಇರುವುದು ಒಳಗೆ ಕೂರಿಸಿದ ಸರಕಿನಲ್ಲಿ. ಗುಂಡಿಗೂ ಗಾಜಿಗೂ ಅದರಲ್ಲಿ ಪಾತ್ರ ಕಡಿಮೆ.

ಇಲ್ಲಿಂದ ನನ್ನ ವಾದ. ಕಡಿಮೆ ಕೆಲಸದ ಫೋನಿನ ಚರ್ಚೆ ಎಲ್ಲೆಡೆ ನಡೆಯುವುದು ಒಬ್ಬ ಮನುಷ್ಯ, ಒಂದು ಫೋನು ಎಂಬ ಲೆಕ್ಕದಲ್ಲಿ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಆ ಲೆಕ್ಕ ಕೂಡುವುದಿಲ್ಲ. ಇಲ್ಲಿ ಲೆಕ್ಕ ಹಾಕಬೇಕಾದ್ದು ಮನೆಯನ್ನು.

ನಿವೃತ್ತನಾದ ಮೇಲೆ ಫೈಬರ್ ಎಳೆಯುವ ಹುಡುಗರಿಗೆ ಸಲಹೆ ಹೇಳುತ್ತ ನಾನು ಕಂಡದ್ದು ಇದು. ಬೇಡ್ತಿ, ಅಘನಾಶಿನಿ ಕೊಳ್ಳಗಳ ಬದಿಯ ಎಷ್ಟೋ ಕೇರಿಗಳಲ್ಲಿ ಮೊಬೈಲ್ ಸಿಗ್ನಲ್ ಮನೆಯೊಳಗೆ ಬರುವುದಿಲ್ಲ. ತೋಟ ಕಣಿವೆಯಲ್ಲಿ, ಮನೆ ತೋಟದ ತಲೆಗೆ, ಸುತ್ತ ಬೆಟ್ಟ. ತರಂಗ ನೇರ ಹೋಗುವ ಸ್ವಭಾವದ್ದು. ಗುಡ್ಡ ಅಡ್ಡ ಬಂದರೆ ನೆರಳು ಬೀಳುತ್ತದೆ, ಒದ್ದೆ ಎಲೆಯ ಕಾಡು ಉಳಿದದ್ದನ್ನೂ ಹೀರುತ್ತದೆ. ಹಾಗಾಗಿ ಮನೆಗೆ ಫೈಬರ್ ಬಂದಿದೆ, ವೈಫೈ ಇದೆ, ಮಾತೆಲ್ಲ ವಾಟ್ಸಾಪ್ ಕರೆಯಲ್ಲಿ, ಇಲ್ಲವೇ ಫೋನು ಒಪ್ಪಿದರೆ ವೈಫೈ ಕಾಲಿಂಗಿನಲ್ಲಿ. ಸಾಧಾರಣ ಕೀಪ್ಯಾಡ್ ಸೆಟ್ಟಿಗೆ ವೈಫೈ ಇಲ್ಲ. ಅಂದರೆ ಇಂಥ ಮನೆಯಲ್ಲಿ ಬರೀ ಮಾತಿಗೆಂದು ಮಾಡಿದ ಫೋನಿನಿಂದ ಮಾತಾಡಲಿಕ್ಕೇ ಆಗುವುದಿಲ್ಲ. ಮಾತಾಡಬೇಕೆಂದರೆ ರೀಲ್ಸ್ ತುಂಬಿದ ಫೋನೇ ಬೇಕು! ನಗರದಲ್ಲಿ ಕುಳಿತು ಕೀಪ್ಯಾಡಿಗೆ ಮರಳಿ ಎಂದು ಬರೆಯುವವರು ಈ ಗಂಟನ್ನು ನೋಡಿಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ. ಸಿಗ್ನಲ್ ಸಿಗುವ ಮನೆಗಳಲ್ಲಿ ಕೀಪ್ಯಾಡ್ ಮಾತ್ರ ಇಟ್ಟುಕೊಂಡು ನೆಮ್ಮದಿಯಾಗಿದ್ದೇನೆ ಎನ್ನುವ ಹಿರಿಯರು ನಮ್ಮಲ್ಲಿ ಬಹಳ. ಅವರ ದಿನವನ್ನು ಗಮನಿಸಿ ನೋಡಿ. ಬೆಳಿಗ್ಗೆ ಅಡಿಕೆ ಧಾರಣೆ ಬೇಕು. ರಾಶಿ, ಚಾಲಿ, ಬೆಟ್ಟೆ, ಕೆಂಪಗೋಟಿನ ದರ ಬರುವುದು ವಾಟ್ಸಾಪ್ ಗುಂಪಿಗೆ. "ತಮಾ, ಇವತ್ತು ರಾಶಿ ರೇಟು ಎಷ್ಟಾಜು ನೋಡು" ಎಂದು ಜಗಲಿಯಿಂದ ಕೂಗು. ಬೆಳೆ ಸಮೀಕ್ಷೆಗೆ ಆ್ಯಪ್, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಕೂಲಿ ಕೊಡಲು ಸ್ಕ್ಯಾನರ್, ಮೊಮ್ಮಗಳ ಶಾಲೆಯ ಸೂಚನೆಗೆ ಮತ್ತೊಂದು ಗುಂಪು. ಇವನ್ನೆಲ್ಲ ಯಾರೋ ಒಬ್ಬರು ನೋಡಬೇಕು. ನಾನು ಕಂಡ ಮನೆಗಳಲ್ಲಿ ಆ ಒಬ್ಬರು ಹೆಚ್ಚಾಗಿ ಸೊಸೆ, ಇಲ್ಲವೇ ಕಾಲೇಜಿಗೆ ಹೋಗುವ ಮಗ. ಯಜಮಾನರ ಸಣ್ಣ ಫೋನಿನ ನೆಮ್ಮದಿಗೆ ಬೆಲೆ ತೆರುವವರು ಇವರು. ದೊಡ್ಡ ಫೋನನ್ನು ಅವರು ಕೆಳಗಿಡುವಂತಿಲ್ಲ. ಕೆಲಸಕ್ಕೆಂದು ತೆರೆದ ಪರದೆ ಕೆಲಸ ಮುಗಿದ ಮೇಲೂ ಅವರನ್ನು ಬಿಡುವುದಿಲ್ಲ. ಆಮೇಲೆ ಮೊಬೈಲ್ ಹುಚ್ಚು ಎಂದು ಬೈಸಿಕೊಳ್ಳುವವರೂ ಅವರೇ. ಅಂಗನವಾಡಿ ಕಾರ್ಯಕರ್ತೆಯ ಸ್ಥಿತಿ ಇನ್ನೂ ಕಷ್ಟ. ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮಕ್ಕಳ ವಿವರ ತುಂಬಬೇಕಾದವಳಿಗೆ ಸ್ಮಾರ್ಟ್‌ಫೋನ್ ಬಿಡಿ ಎಂದು ಉಪದೇಶ ಮಾಡುವ ಹಕ್ಕು ನಮಗೆ ಯಾರಿಗೂ ಇಲ್ಲ.

ಮಾಸ್ತರರ ಜಗಲಿ ನನಗೆ ನೆನಪಾಗುವುದು ಇಲ್ಲಿ. ಅವರು ಓದಿ ಹೇಳಿದ ಕಾಗದದ ಗುಟ್ಟು ಎರಡನೆಯ ಕಿವಿಗೆ ಬೀಳುತ್ತಿರಲಿಲ್ಲವಂತೆ. ಇಂದು ಪಕ್ಕದ ಮನೆಯ ಮಾಣಿಗೆ ಪಿನ್ ನಂಬರ್ ಹೇಳಿ ದುಡ್ಡು ಕಳಿಸುವ ಅಜ್ಜನಿಗೆ ಅಂಥ ಮರ್ಯಾದೆಯ ರಕ್ಷಣೆ ಎಲ್ಲಿದೆ?

ಬೇರೆ ಅಭಿಪ್ರಾಯಗಳನ್ನು ತೂಗಿ ನೋಡೋಣ. ಮನಸ್ಸು ಗಟ್ಟಿ ಮಾಡಿ, ಫೋನಿನಲ್ಲೇ ಸಮಯದ ಮಿತಿ ಹಾಕಿ ಎನ್ನುವವರಿದ್ದಾರೆ. 2018ರಿಂದ ಆಪಲ್, ಗೂಗಲ್ ಎರಡೂ ಆ ಸೌಲಭ್ಯ ಕೊಟ್ಟಿವೆ. ಬೀಗ ಹಾಕಿದವನ ಕೈಯಲ್ಲೇ ಕೀಲಿಕೈ ಇದ್ದರೆ ಅದು ಎಷ್ಟು ಹೊತ್ತು ನಿಂತೀತು?

ಇನ್ನೊಂದು ಪಕ್ಷದವರ ಮೇಲೆ ನನಗೆ ಸಿಟ್ಟೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮಲೆನಾಡಿಗೆ ನೆಟ್‌ವರ್ಕ್ ಇಲ್ಲದ್ದೇ ವರ, ಅದು ಹಾಗೇ ಇರಲಿ ಎನ್ನುವವರು ಇವರು. ಎರಡು ದಿನ ಹೋಮ್‌ಸ್ಟೇಯಲ್ಲಿ ಉಳಿದು ಹೋಗುವವರಿಗೆ ಆ ಮೌನ ಹಿತ; ಇಲ್ಲಿ ಬಾಳುವವರಿಗೆ ಅಲ್ಲ. 2020ರ ಲಾಕ್‌ಡೌನಿನಲ್ಲಿ ನಮ್ಮ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದರು, ಮರ ಹತ್ತಿದರು, ಮಳೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕುಳಿತರು. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ರಸ್ತೆ ಕೊಚ್ಚಿಹೋದವು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮಂಗನ ಕಾಯಿಲೆ ಜೀವ ತೆಗೆಯಿತು. ಜ್ವರ ಏರಿದವರ ಮನೆಯಿಂದ 108ಕ್ಕೆ ಕರೆ ಹೋಗಬೇಕೋ ಬೇಡವೋ? ಸಂಪರ್ಕ ಇಲ್ಲದಿರುವುದನ್ನು ಸಂಯಮ ಎಂದು ಕರೆಯುವುದು ಈ ಜನರಿಗೆ ಮಾಡುವ ಅನ್ಯಾಯ. 24,680 ಹಳ್ಳಿಗಳಿಗೆ 4ಜಿ ಒಯ್ಯುವ ಯೋಜನೆಗೆ 2022ರ ಜುಲೈಯಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿ ಒಪ್ಪಿತು. ಅದರಡಿ ನಮ್ಮ ಕೇರಿಗಳಿಗೆ ಸಲ್ಲಬೇಕಾದ ಟವರನ್ನು ಕೇಳಿ ಪಡೆಯಬೇಕು.

ಮಕ್ಕಳಿಗೆ ಕಾನೂನಿನಿಂದಲೇ ತಡೆ ಹಾಕಬೇಕು ಎನ್ನುವವರ ಮಾತಿನಲ್ಲಿ ತೂಕವಿದೆ. ಆಸ್ಟ್ರೇಲಿಯಾ 2025ರ ಡಿಸೆಂಬರಿನಿಂದ 16ರೊಳಗಿನವರಿಗೆ ಸಾಮಾಜಿಕ ಜಾಲತಾಣ ನಿಷೇಧಿಸಿತು. ಆದರೆ ನಮ್ಮಲ್ಲಿ ಮಗುವಿನ ಕೈಗೆ ಬರುವುದು ಅಪ್ಪಯ್ಯನ ಫೋನು, ಆಯಿಯ ಖಾತೆ. ವಯಸ್ಸಿನ ತಪಾಸಣೆ ಅಲ್ಲಿ ಏನು ಮಾಡೀತು?

ಹಾಗಾದರೆ ನನ್ನ ಸಲಹೆ ಏನು? ಗೋಡೆಗೆ ಫೋನು ಮತ್ತೆ ಬರಲಿ. ಇದು ಹಳೆಯ ಕಾಲದ ಹಂಬಲದಿಂದ ಹುಟ್ಟಿದ ಮಾತಲ್ಲ. ನಿಮ್ಮ ಮನೆಯ ಫೈಬರ್ ಡಬ್ಬಿಯನ್ನು ತಿರುಗಿಸಿ ನೋಡಿ: ಇಂಟರ್ನೆಟ್ ವಯರ್ ಸಿಕ್ಕಿಸುವ ತೂತುಗಳ ಪಕ್ಕ ಇನ್ನೊಂದು ಸಣ್ಣ ತೂತು ಬಹಳಷ್ಟು ಡಬ್ಬಿಗಳಲ್ಲಿ ಇರುತ್ತದೆ. ಅದು ಟೆಲಿಫೋನಿನದು. ಬಿಎಸ್‌ಎನ್‌ಎಲ್ ಫೈಬರ್ ಪ್ಲ್ಯಾನುಗಳಲ್ಲಿ ಸಾಮಾನ್ಯವಾಗಿ ಧ್ವನಿ ಕರೆಯೂ ಸೇರಿರುತ್ತದೆ. ನಂಬರ್ ಪಡೆದು ಸಾದಾ ಸೆಟ್ಟೊಂದನ್ನು ಸಿಕ್ಕಿಸಿದರೆ ಶಿರಸಿಯ 08384, ಸಿದ್ದಾಪುರದ 08389, ಯಲ್ಲಾಪುರದ 08419 ಮತ್ತೆ ಮನೆಯಲ್ಲಿ ರಿಂಗಾಗುತ್ತವೆ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಆ ತೂತು ಖಾಲಿ ಇತ್ತು. ಅದು ಏತಕ್ಕೆಂದು ಕೇಳಿದವರೂ ಕಡಿಮೆ. ಮೊಬೈಲಿಗೆ ಕರೆ ಮಾಡುವಾಗ ನಂಬರಿಗೆ ಮೊದಲು ಸೊನ್ನೆ ಹಚ್ಚಬೇಕು ಎಂಬುದು 2021ರ ಜನವರಿಯಿಂದ ಬಂದ ನಿಯಮ, ಅಷ್ಟು ನೆನಪಿದ್ದರೆ ಸಾಕು.

ಈ ಫೋನು ಒಬ್ಬರದಲ್ಲ, ಮನೆಯದು. ಮಗಳು ಬೆಂಗಳೂರಿನಿಂದ ಮಾಡಿದ ಕರೆಗೆ ಅಡಿಗೆ ಮನೆಯಿಂದ ಆಯಿ ಬಂದು ಮಾತಾಡಬಹುದು. ಮಾತು ಮುಗಿದ ಮೇಲೆ ಬೆರಳಿಗೆ ಬೇರೆ ಕೆಲಸ ಸಿಗದು. ಮಾತಿಗೆಂದೇ ಸ್ಮಾರ್ಟ್‌ಫೋನು ಹಿಡಿಯುವ ಅಗತ್ಯ ಇಷ್ಟರಿಂದ ತಪ್ಪುತ್ತದೆ. ಗೀಳಿಗೆ ಸಿಕ್ಕಿ ಕಂಗೆಟ್ಟವರೂ ಅವರ ಮನೆಯವರೂ ಆಪ್ತಸಲಹೆ ಕೇಳುವ 14416, ಅಂದರೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್, ಸಾದಾ ಧ್ವನಿ ಕರೆಗೂ ಸಿಗುತ್ತದೆ, ಕನ್ನಡದಲ್ಲೂ.

ಕೊರತೆಯನ್ನೂ ಹೇಳಬೇಕು. ಹಳೆಯ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಊರಿಡೀ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ಫೈಬರಿನ ಗಾಜಿನ ಎಳೆ ಬೆಳಕು ಒಯ್ಯುತ್ತದೆಯೇ ಹೊರತು ವಿದ್ಯುತ್ತನ್ನಲ್ಲ. ಆಷಾಢದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ನಮ್ಮ ಸೀಮೆಯಲ್ಲಿ ಡಬ್ಬಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಜೋಡಿಸಲೇಬೇಕು, ಅದರ ಅಡಾಪ್ಟರಿನ ಅಳತೆ ನೋಡಿ ತರಬೇಕು. ಮರ ಬಿದ್ದರೆ ಫೈಬರೂ ಹರಿಯುತ್ತದೆ. ಒಟಿಪಿಯಂತೂ ಗೋಡೆಯ ಫೋನಿಗೆ ಬರದು.

ಧಾರಣೆ, ದುಡ್ಡು, ಈ ಎರಡನ್ನು ದೊಡ್ಡ ಪರದೆಯಿಂದ ಬಿಡಿಸುವ ಕೆಲಸ ಮನೆಯವರದಲ್ಲ, ಸಂಸ್ಥೆಗಳದು. ದುಡ್ಡಿನ ಮಟ್ಟಿಗೆ ರಿಸರ್ವ್ ಬ್ಯಾಂಕ್ 2022ರ ಮಾರ್ಚಿನಲ್ಲಿ ಯುಪಿಐ 123ಪೇ ತಂದಿದೆ. ಇಂಟರ್ನೆಟ್ ಇಲ್ಲದ ಕೀಪ್ಯಾಡಿನಿಂದ ಧ್ವನಿ ಕರೆಯಲ್ಲೇ ಹಣ ಕಳಿಸಬಹುದು. ಒಂದು ಸಲದ ಮಿತಿಯನ್ನು 5,000ದಿಂದ 10,000 ರೂಪಾಯಿಗೆ ಏರಿಸುವುದಾಗಿ 2024ರಲ್ಲಿ ಪ್ರಕಟಿಸಿತು. ಸಿಗ್ನಲ್ ಸಿಗುವ ಊರುಗಳಲ್ಲಾದರೂ ಇದನ್ನು ಹಿರಿಯರಿಗೆ ಕೂತು ಕಲಿಸುವವರು ಬೇಕು. ನಮ್ಮ ಪ್ರಾಥಮಿಕ ಸಹಕಾರ ಸಂಘಗಳ ಸಿಬ್ಬಂದಿ ಅದನ್ನು ಮಾಡಬಲ್ಲರು.

ಧಾರಣೆಯ ವಿಷಯದಲ್ಲಿ ನನ್ನ ಬೇಡಿಕೆ ನೇರ. 1923ರಲ್ಲಿ ಹುಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯೂ ಸೇರಿದಂತೆ ಬೆಳೆಗಾರರೇ ಕಟ್ಟಿದ ಸಂಘಗಳು ಈ ಸೀಮೆಯ ಬಲ. ಟೆಂಡರ್ ಮುಗಿದ ಕೂಡಲೇ ಆ ದಿನದ ದರವನ್ನು ಧ್ವನಿಯಲ್ಲಿ ಹೇಳುವ ಒಂದು ನಂಬರ್ ಇಡಲಿ: ಕರೆ ಮಾಡಿದರೆ ರಾಶಿ, ಚಾಲಿ, ಬೆಟ್ಟೆಯ ಗರಿಷ್ಠ, ಕನಿಷ್ಠ, ಸರಾಸರಿ ಕೇಳಿಸಬೇಕು. ಇದಕ್ಕೆ ಬೇಕಾದ ಯಂತ್ರ, ತಂತ್ರ ಎರಡೂ ಹಳೆಯವು. ಬ್ಯಾಂಕುಗಳು ಇಂಥ ಕರೆಯಲ್ಲಿ ಬಾಕಿ ಹೇಳುತ್ತ ಎಷ್ಟೋ ವರ್ಷವಾಯಿತು. ಗೋಡೆಯ ಫೋನಿನಿಂದಲೂ ಇದು ನಡೆಯುತ್ತದೆ. ಸೊಸೆಯನ್ನೋ ಮೊಮ್ಮಗನನ್ನೋ ಕೂಗಿ ಕರೆಯಬೇಕಾಗಿಲ್ಲ. ಬರುವ ವಾರ್ಷಿಕ ಮಹಾಸಭೆಗಳಲ್ಲಿ ಯಾವ ಸದಸ್ಯರು ಈ ವಿಷಯ ಎತ್ತುತ್ತಾರೋ ಅವರಿಗೆ ಲೈನು, ಯಂತ್ರ, ಖರ್ಚಿನ ತಾಂತ್ರಿಕ ಟಿಪ್ಪಣಿಯನ್ನು ನಾನು ಬರೆದುಕೊಡುತ್ತೇನೆ. ಸಮಿತಿಯವರ ಬಳಿ ನನ್ನ ವಿಳಾಸವಿದೆ.