ಬೀಗದ ಕೈ ಯಾರ ಹತ್ತಿರ ಇದೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)



ಇವತ್ತು ನಾವು ದೊಡ್ಡ ಸಿದ್ಧಾಂತದ ಮಾತು ಆಡೋದಿಲ್ಲ. ನಮ್ಮ ಕೇರಿಯಲ್ಲೇ ಇರುವ ಒಂದು ಕಟ್ಟಡದ ಬಗ್ಗೆ ಮಾತಾಡೋಣ. ಕೆಲವು ಕಡೆ ಅದನ್ನ ಸಮುದಾಯ ಭವನ ಅಂತಾರೆ, ಕೆಲವು ಕಡೆ ಅಂಬೇಡ್ಕರ್ ಭವನ, ಇನ್ನು ಕೆಲವು ಕಡೆ ಬಾಬು ಜಗಜೀವನರಾಂ ಭವನ. ಗೋಡೆಯಲ್ಲಿ ಒಂದು ಕಲ್ಲು. ಕಲ್ಲಿನ ಮೇಲೆ ಮಂತ್ರಿಯ ಹೆಸರು, ಶಾಸಕರ ಹೆಸರು, ಉದ್ಘಾಟನೆಯ ತಾರೀಖು. ಪಕ್ಕದ ಬಾಗಿಲಿಗೆ ಬೀಗ. ಏಪ್ರಿಲ್ 14ಕ್ಕೆ ತೆಗೀತಾರೆ. ಯಾರದಾದರೂ ಮದುವೆ ಇದ್ದರೆ ತೆಗೀತಾರೆ. ಉಳಿದ ದಿನ ಜಗಲಿಯ ಮೇಲೆ ಇಸ್ಪೀಟು, ಒಳಗೆ ಕಂಟ್ರಾಕ್ಟರನ ಸಿಮೆಂಟು ಚೀಲ. ಇಂಥ ಭವನ ನೋಡದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ?

ಕಟ್ಟಡ ಬೇಡ ಅಂತ ನಾವು ಹೇಳ್ತಾ ಇಲ್ಲ. ನಮ್ಮ ತಾತಂದಿರು ಊರ ಚಾವಡಿಯ ಕಟ್ಟೆ ಹತ್ತುವಂತಿರಲಿಲ್ಲ. ನಾಲ್ಕು ಜನ ಕೂತು ಮಾತಾಡೋಕೆ ಮರದ ನೆರಳೇ ಗತಿ, ಮಳೆ ಬಂದರೆ ಅದೂ ಇಲ್ಲ. ಅಂಥವರ ಮಕ್ಕಳಿಗೆ ಸ್ವಂತದ ಒಂದು ಸೂರು ಸಣ್ಣ ವಿಷಯವಲ್ಲ. ಆದರೆ ಸೂರು ಇದ್ದ ಮಾತ್ರಕ್ಕೆ ಕೇಂದ್ರ ಆಗೋದಿಲ್ಲ. ಹಾಗಾದರೆ ಕೇಂದ್ರ ಅಂದರೇನು? ಬೇರೆ ದೇಶದ ಬಡವರ ಕೇರಿಗಳಲ್ಲಿ ಇದು ಹೇಗೆ ಶುರುವಾಯಿತು ಅಂತ ಮೊದಲು ನೋಡೋಣ. ಆಮೇಲೆ ನಮ್ಮ ಕೇರಿಗೆ ವಾಪಸು ಬರೋಣ.

1884ರಲ್ಲಿ ಲಂಡನ್ನಿನ ಪೂರ್ವ ಭಾಗದ ವೈಟ್‌ಚಾಪೆಲ್ ಎಂಬ ಬಡಾವಣೆಯಲ್ಲಿ ಟಾಯ್ನ್‌ಬೀ ಹಾಲ್ ಎಂಬ ಮನೆ ಶುರುವಾಯಿತು. ಅದು ಕೂಲಿಕಾರರ, ವಲಸೆ ಬಂದವರ ಬಡಾವಣೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಓದಿದ ಹುಡುಗರು ಬಂದು ಅಲ್ಲೇ ವಾಸ ಮಾಡಿ, ಸಂಜೆ ಪಾಠ ಹೇಳಿಕೊಟ್ಟರು. 1898ರಿಂದ ಅಲ್ಲಿ ಬಡವರಿಗೆ ಪುಕ್ಕಟೆಯಾಗಿ ಕಾನೂನು ಸಲಹೆ ಸಿಕ್ಕಿತು. ಇದನ್ನು ನೋಡಿ ಬಂದ ಅಮೆರಿಕದ ಜೇನ್ ಆಡಮ್ಸ್, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಸೇರಿ 1889ರಲ್ಲಿ ಚಿಕಾಗೋದಲ್ಲಿ ಹಲ್ ಹೌಸ್ ಶುರು ಮಾಡಿದರು. ಸುತ್ತ ಇಟಲಿ, ಗ್ರೀಸ್, ರಷ್ಯಾಗಳಿಂದ ಹೊಟ್ಟೆಪಾಡಿಗೆ ಬಂದ ಜನ. ದುಡಿಯೋಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳೋದು, ಸ್ನಾನದ ಮನೆ, ರಾತ್ರಿ ಶಾಲೆ ಎಲ್ಲ ಆ ಮನೆಯಲ್ಲಿ ನಡೆದವು.

ಇಷ್ಟೇ ಆಗಿದ್ದರೆ ಅದೊಂದು ಧರ್ಮಛತ್ರ. ಆದರೆ ಅಲ್ಲಿನವರು ಒಂದು ಹೆಜ್ಜೆ ಮುಂದೆ ಹೋದರು. ಬೀದಿಯ ಕಸ ಕೊಳೆತು ಮಕ್ಕಳು ಸಾಯುತ್ತಿದ್ದಾಗ ಬರೀ ಔಷಧಿ ಹಂಚುತ್ತಾ ಕೂರಲಿಲ್ಲ. ನಗರಸಭೆಗೆ ದೂರಿನ ಮೇಲೆ ದೂರು ಕೊಟ್ಟರು. ಕೊನೆಗೆ 1895ರಲ್ಲಿ ಜೇನ್ ಆಡಮ್ಸ್ ತಾವೇ ಆ ವಾರ್ಡಿನ ಕಸದ ಇನ್ಸ್‌ಪೆಕ್ಟರ್ ಆಗಿ ಬೆಳಗಿನ ಜಾವ ಕಸದ ಗಾಡಿಗಳ ಹಿಂದೆ ಓಡಾಡಿದರು. ಅದೇ ಮನೆಯಲ್ಲಿದ್ದ ಫ್ಲಾರೆನ್ಸ್ ಕೆಲ್ಲಿ ಮನೆ ಮನೆ ಸುತ್ತಿ ಮಕ್ಕಳ ದುಡಿಮೆಯ ಲೆಕ್ಕ ತೆಗೆದರು. 1893ರಲ್ಲಿ ಆ ರಾಜ್ಯದಲ್ಲಿ ಕಾರ್ಖಾನೆ ಕಾನೂನು ಬಂತು, ಅವರೇ ಮುಖ್ಯ ಇನ್ಸ್‌ಪೆಕ್ಟರ್ ಆದರು. ಹೊಸಿಲಲ್ಲಿ ಶುರುವಾದ ಸೇವೆ ಕಾನೂನಿನ ತನಕ ಹೋಯಿತು.

ಇದಕ್ಕೊಂದು ಮಿತಿಯೂ ಇತ್ತು. ಅಲ್ಲಿಗೆ ಬಂದವರು ಉಳ್ಳವರ ಮನೆಯ ಒಳ್ಳೆಯ ಮನಸ್ಸಿನವರು. ಬೀಗದ ಕೈ ಅವರ ಹತ್ತಿರವೇ ಇತ್ತು. ಅಷ್ಟೇ ಅಲ್ಲ, ಅಮೆರಿಕದ ಇಂಥ ಬಹಳಷ್ಟು ಕೇಂದ್ರಗಳು ಕಪ್ಪು ಜನರನ್ನು ಹೊರಗೇ ಇಟ್ಟವು. ಹಾಗೆ ಹೊರಗಿಟ್ಟ ಜನ ಏನು ಮಾಡಿದರು? ನಮಗೆ ಹತ್ತಿರದ ಕತೆ ಅದೇ.

ಅಟ್ಲಾಂಟಾ ಊರಿನ ಕಪ್ಪು ಜನರ ಕೇರಿ. ಒಬ್ಬ ಹೆಣ್ಣುಮಗಳು ಕಾಯಿಲೆ ಬಿದ್ದು ಮನೆಯಲ್ಲೇ ಸತ್ತಳು. ಅಕ್ಕಪಕ್ಕದವರಿಗೆ ಅವಳು ಕಾಯಿಲೆ ಬಿದ್ದದ್ದೇ ಗೊತ್ತಿರಲಿಲ್ಲ. ಈ ಸಾವು ಅಲ್ಲಿನ ಹೆಂಗಸರನ್ನು ಕುಟುಕಿತು. 1908ರಲ್ಲಿ ಲುಜೀನಿಯಾ ಬರ್ನ್ಸ್ ಹೋಪ್ ಅವರ ಮುಂದಾಳ್ತನದಲ್ಲಿ ಹೆಂಗಸರು ಸೇರಿ ನೈಬರ್‌ಹುಡ್ ಯೂನಿಯನ್ ಅಂದರೆ ನೆರೆಹೊರೆಯ ಸಂಘ ಕಟ್ಟಿದರು. ಮೊದಲ ಕೆಲಸ ಒಂದೇ: ಯಾವ ಮನೆಯಲ್ಲಿ ಯಾರಿದ್ದಾರೆ, ಏನು ಕಷ್ಟ ಇದೆ ಅಂತ ತಿಳಿಯೋದು. ಕೇರಿಗಳನ್ನು ಭಾಗ ಮಾಡಿ ಒಂದೊಂದು ಭಾಗಕ್ಕೆ ಒಬ್ಬೊಬ್ಬ ಹೆಂಗಸನ್ನು ಹೊಣೆ ಮಾಡಿದರು. ಪಕ್ಕದಲ್ಲೇ ಕಪ್ಪು ಜನರ ಕಾಲೇಜುಗಳಿದ್ದವು, ಅಲ್ಲಿನ ವಿದ್ಯಾರ್ಥಿಗಳೂ ಮನೆ ಮನೆ ಲೆಕ್ಕಕ್ಕೆ ಕೈ ಹಾಕಿದರು. ಆಮೇಲೆ ಮಕ್ಕಳಿಗೆ ಆಟದ ಜಾಗ, ಹೊಲಿಗೆ ಅಡಿಗೆಯ ತರಗತಿ, ಚಿಕಿತ್ಸಾಲಯ ಬಂದವು.

1913ರಲ್ಲಿ ಅದೇ ಹೆಂಗಸರು ಕಪ್ಪು ಮಕ್ಕಳ ಶಾಲೆಗಳನ್ನು ಒಂದೊಂದಾಗಿ ನೋಡಿ ಬಂದರು. ಕೂರೋಕೆ ಜಾಗ ಇಲ್ಲ, ಒಂದೇ ಟೀಚರು ಬೆಳಿಗ್ಗೆ ಒಂದು ಗುಂಪಿಗೆ ಮಧ್ಯಾಹ್ನ ಇನ್ನೊಂದು ಗುಂಪಿಗೆ ಪಾಠ ಮಾಡಬೇಕು. ಎಲ್ಲ ಬರೆದುಕೊಂಡು ನಗರಸಭೆಯ ಮುಂದೆ ಇಟ್ಟರು. ಒಂದೇ ಸಲಕ್ಕೆ ಯಾರೂ ಕೊಡಲಿಲ್ಲ. ಅರ್ಜಿ, ಸಭೆ, ಮತ್ತೆ ಅರ್ಜಿ. ಬೇರೆ ಸಂಘಟನೆಗಳೂ ಸೇರಿದವು, ಕಪ್ಪು ಜನರ ವೋಟಿನ ಬಲವೂ ಸೇರಿತು. 1924ರಲ್ಲಿ ಆ ಊರಿನ ಕಪ್ಪು ಮಕ್ಕಳಿಗೆ ಮೊಟ್ಟಮೊದಲ ಸರಕಾರಿ ಹೈಸ್ಕೂಲು ಬಂತು. ಒಂದು ಸಾವಿನಿಂದ ಹೈಸ್ಕೂಲಿನ ತನಕ 16 ವರ್ಷ. ಇಲ್ಲಿ ಬೀಗದ ಕೈ ಕೇರಿಯ ಹೆಂಗಸರ ಸೆರಗಿನಲ್ಲೇ ಇತ್ತು, ಅದನ್ನು ಗಮನಿಸಿ.

ಅದೇ ದೇಶದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ನಿಮಗೆಲ್ಲ ಗೊತ್ತು. ಆ ಹೆಸರಿನಿಂದಲೇ 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಪ್ಯಾಂಥರ್ ಅಂದರೆ ನಮ್ಮ ಹುಡುಗರಿಗೆ ಕಪ್ಪು ಟೋಪಿ, ಬಂದೂಕು ಕಣ್ಣ ಮುಂದೆ ಬರುತ್ತೆ. ಒಲೆ ಬರೋದಿಲ್ಲ. 1969ರ ಜನವರಿಯಲ್ಲಿ ಓಕ್‌ಲ್ಯಾಂಡಿನ ಒಂದು ಚರ್ಚಿನಲ್ಲಿ ಅವರು ಶಾಲೆಗೆ ಹೋಗುವ ಮಕ್ಕಳಿಗೆ ಬೆಳಗಿನ ತಿಂಡಿ ಕೊಡೋಕೆ ಶುರು ಮಾಡಿದರು. ವರ್ಷ ತುಂಬೋದರೊಳಗೆ ಅದು ಊರೂರಿಗೆ ಹಬ್ಬಿತು. ಹಸಿದ ಮಗುವಿಗೆ ಪಾಠ ಹತ್ತೋದಿಲ್ಲ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ದೇಶದ ಪೊಲೀಸು ದೊಡ್ಡವರು ಬಂದೂಕಿಗೆ ಹೆದರಿದಷ್ಟೇ ಆ ತಿಂಡಿಗೂ ಹೆದರಿದರು. ಯಾಕೆ? ತಿಂಡಿ ಬಡಿಸುವವನ ಮಾತನ್ನು ಕೇರಿ ಕೇಳುತ್ತೆ.

ಈಗ ನಮ್ಮ ಬಾಬಾಸಾಹೇಬರ ಹತ್ತಿರ ಬನ್ನಿ. 1924ರ ಮಾರ್ಚ್ 9ರಂದು ಮುಂಬಯಿಯ ಪರೇಲಿನ ದಾಮೋದರ ಹಾಲ್‌ನಲ್ಲಿ ಸಭೆ ಕರೆದರು. ಜುಲೈ 20ಕ್ಕೆ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪನೆ ಆಯಿತು. ಅದು ಮೊದಲು ಮಾಡಿದ ಕೆಲಸ ಏನು? 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ಒಂದು ಹಾಸ್ಟೆಲು. ಮುಂಬಯಿಯಲ್ಲಿ ಒಂದು ವಾಚನಾಲಯ. ನಮ್ಮ ಹುಡುಗರಿಗೆ ಒಂದು ಹಾಕಿ ಕ್ಲಬ್ಬು. ಹೌದು, ಹಾಕಿ ಕ್ಲಬ್ಬು! ಇವೆಲ್ಲ ಸಣ್ಣ ಕೆಲಸ ಅಂತ ಆವತ್ತು ನಕ್ಕವರೂ ಇದ್ದಿರಬಹುದು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಸಾವಿರಾರು ಜನ ಬಾಬಾಸಾಹೇಬರ ಹಿಂದೆ ನಡೆದಾಗ ಯಾರೂ ನಗಲಿಲ್ಲ. ವಾಚನಾಲಯಕ್ಕೂ ಕೆರೆಗೂ ನಡುವೆ ಇದ್ದದ್ದು ಎರಡು ಮೂರು ವರ್ಷ ಅಷ್ಟೇ.

ನಮ್ಮ ನಾಡಿನಲ್ಲೂ ಇದು ಹೊಸದಲ್ಲ. ಕುದ್ಮುಲ್ ರಂಗರಾಯರು 1897ರಲ್ಲೇ ಮಂಗಳೂರಿನಲ್ಲಿ ದಲಿತರಿಗಾಗಿ ಸಂಸ್ಥೆ ಕಟ್ಟಿ ಶಾಲೆ ನಡೆಸಿದರು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆ ಎದ್ದಾಗ ಏಟು ತಿಂದವರು, ಎದ್ದು ನಿಂತವರು ಯಾರು? ಹಾಸ್ಟೆಲಿನ ಹುಡುಗರು. ದಲಿತ ಸಂಘರ್ಷ ಸಮಿತಿಗೆ ಜನ ಸಿಕ್ಕಿದ್ದು ಹಾಸ್ಟೆಲಿನ ಊಟದ ಹಾಲ್‌ಗಳಲ್ಲಿ. ನೀವು ಕೂತಿರುವ ಇಂಥ ಹಾಸ್ಟೆಲೂ ಒಂದು ಕೇಂದ್ರವೇ.

ಕೆಲವು ಗೆಳೆಯರು ಕೇಳ್ತಾರೆ: "ಸೇವೆ ಮಾಡ್ತಾ ಕೂತರೆ ಹೋರಾಟ ತಣ್ಣಗಾಗೋದಿಲ್ವೇ? ಸರಕಾರ ಮಾಡಬೇಕಾದ ಕೆಲಸ ನಾವ್ಯಾಕೆ ಮಾಡಬೇಕು?" ನ್ಯಾಯವಾದ ಪ್ರಶ್ನೆ. ಸೇವೆಯಲ್ಲಿ ಎರಡು ಥರ ಇದೆ. ಕೈ ಮುಗಿಸಿಕೊಳ್ಳುವ ಸೇವೆ ಒಂದು. ಕಂಬಳಿ ಕೊಟ್ಟು ಫೋಟೋ ತೆಗೆದುಕೊಂಡು ಹೋಗ್ತಾರೆ, ಮುಂದಿನ ವರ್ಷ ಅದೇ ಮುದುಕಿ ಅದೇ ಸಾಲಿನಲ್ಲಿ ನಿಂತಿರ್ತಾಳೆ. ಇನ್ನೊಂದು, ಅದೇ ಮುದುಕಿಗೆ ಪಿಂಚಣಿ ಯಾಕೆ ನಿಂತಿದೆ ಅಂತ ತಾಲ್ಲೂಕು ಕಚೇರಿಯಲ್ಲಿ ಕೇಳಿ, ಉತ್ತರ ಬರುವ ತನಕ ಬಿಡದೆ ಇರೋದು. ನಮ್ಮ ಕೇಂದ್ರ ಈ ಎರಡನೆಯದಕ್ಕೆ ಬೇಕು.

ಹಾಗಾದರೆ ಕೇರಿಯ ಭವನದಲ್ಲಿ ಏನು ಮಾಡಬಹುದು? ಕಾಸು ಬೇಕಾಗಿಲ್ಲದ ಕೆಲಸಗಳನ್ನೇ ಹೇಳ್ತೀವಿ.

ಒಂದು, ಪುಸ್ತಕ. ಅಟ್ಲಾಂಟಾದ ಹೆಂಗಸರ ಥರ ಮನೆ ಮನೆಯ ಲೆಕ್ಕ. ಯಾರಿಗೆ ರೇಷನ್ ಕಾರ್ಡ್ ಇಲ್ಲ, ಯಾರ ವಿಧವಾ ವೇತನ ನಿಂತಿದೆ, ಯಾವ ಮಗು ಶಾಲೆ ಬಿಟ್ಟಿದೆ, ಯಾರ ಜಮೀನಿನ ಪಹಣಿ ಯಾರ ಹೆಸರಲ್ಲಿದೆ. ಆ ಪುಸ್ತಕ ಕೇರಿಯದು, ಯಾವ ಪಾರ್ಟಿಯ ಏಜೆಂಟನಿಗೂ ಕೊಡಬಾರದು.

ಎರಡು, ದಿನಾ ಸಂಜೆ ದೀಪ. ಒಂದು ಗಂಟೆ ಸಾಕು. ಒಂದೇ ಕೋಣೆಯ ಮನೆಯಲ್ಲಿ ಟಿವಿ, ಜಗಳ, ಅಡಿಗೆ ಎಲ್ಲದರ ನಡುವೆ ಓದುವ ಮಗುವಿಗೆ ಆ ಒಂದು ಗಂಟೆ ದೊಡ್ಡದು.

ಮೂರು, ವಾರಕ್ಕೊಂದು ದಿನ ಅರ್ಜಿ. ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್, ಪಿಂಚಣಿ. ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ಇಲ್ಲದೆ ವಾಪಸು ಬರಬೇಡಿ. 2005ರ ಮಾಹಿತಿ ಹಕ್ಕು ಕಾನೂನಿದೆ, ಬಡತನದ ರೇಖೆಗಿಂತ ಕೆಳಗಿನವರಿಗೆ ಅದಕ್ಕೆ ಫೀಸು ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾನೂನಿನ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಪುಕ್ಕಟೆ ವಕೀಲರು ಸಿಗಬೇಕು, ವರಮಾನ ಎಷ್ಟೇ ಇರಲಿ. ದೌರ್ಜನ್ಯ ನಡೆದರೆ 1989ರ ಕಾನೂನು ಇದೆ, 14566 ಎಂಬ ಸಹಾಯವಾಣಿ ಇದೆ. ಇವನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

ನಾಲ್ಕು, ದುಡಿಯುವ ತಾಯಂದಿರು. ನಗರದ ಕೇರಿಗಳಲ್ಲಿ ಬೀದಿ ಗುಡಿಸುವ ನಮ್ಮ ಅವ್ವಂದಿರು ಕತ್ತಲಿರುವಾಗಲೇ ಮನೆ ಬಿಡ್ತಾರೆ. ಅಂಗನವಾಡಿಯ ಬಾಗಿಲು ತೆಗೆಯೋದು ಎಷ್ಟೋ ಹೊತ್ತಿನ ಮೇಲೆ. ಅಲ್ಲಿತನಕ ಮಗು ಎಲ್ಲಿರಬೇಕು? ಈ ಪ್ರಶ್ನೆಯನ್ನು ನಗರಸಭೆಯ ಮುಂದೆ ಇಡೋದೂ ಕೇಂದ್ರದ ಕೆಲಸ.

ಐದು, ಹಣದ ಮಾತು. 2013ರಲ್ಲಿ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯ ಕಾನೂನು ಬಂತು. ಜನಸಂಖ್ಯೆಗೆ ತಕ್ಕ ಪಾಲು ನಮಗೆ ಖರ್ಚಾಗಬೇಕು ಅನ್ನೋದು ಅದರ ತಿರುಳು. ಗೋಡೆಗೆ ಹಣ ಬರುತ್ತೆ, ಯಾಕೆಂದರೆ ಗೋಡೆ ಕಟ್ಟಿದರೆ ಬಿಲ್ಲು ಆಗುತ್ತೆ. ದೀಪಕ್ಕೆ, ಪುಸ್ತಕಕ್ಕೆ, ಬಾಗಿಲು ತೆಗೆಯುವ ಒಬ್ಬರ ಸಂಬಳಕ್ಕೆ ಯಾಕೆ ಬರೋದಿಲ್ಲ ಅಂತ ಗ್ರಾಮಸಭೆಯಲ್ಲಿ ಕೇಳಬೇಕು. ಆದರೆ ಹಣ ಬರಲಿ ಅಂತ ಕಾಯುತ್ತಾ ಕೂರಬಾರದು. ಚಿಕಾಗೋದ ಅಷ್ಟು ದೊಡ್ಡ ಸಂಸ್ಥೆ ಸರಕಾರದ ಹಣವನ್ನೇ ನೆಚ್ಚಿಕೊಂಡು 2012ರಲ್ಲಿ ಬಾಗಿಲು ಹಾಕಿತು. ಆ ಹಳೆಯ ಮನೆ ಈಗ ಮ್ಯೂಸಿಯಂ.

ಕೊನೆಯ ಮಾತು, ಸ್ವಲ್ಪ ಕಹಿ. ಎಷ್ಟೋ ಊರಲ್ಲಿ ಹೊಲೆಯರ ಭವನ ಬೇರೆ, ಮಾದಿಗರ ಭವನ ಬೇರೆ. ಒಬ್ಬರ ಬೀಗದ ಕೈ ಇನ್ನೊಬ್ಬರ ಕೈಗೆ ಸಿಗೋದಿಲ್ಲ. ಮೇಲ್ಜಾತಿಯವರು ನಮಗೆ ಹಾಕಿದ ಬೀಗ ಒಡೆಯೋಕೆ ಹೊರಟ ನಾವು, ನಮ್ಮ ನಮ್ಮಲ್ಲೇ ಬೀಗ ಹಾಕಿಕೊಂಡು ಕೂತರೆ ಯಾರಿಗೆ ಲಾಭ? ಕೇಂದ್ರದ ಸಮಿತಿಯಲ್ಲಿ ಎರಡೂ ಕೇರಿಯವರು ಇರಬೇಕು. ಅರ್ಧ ಜನ ಹೆಂಗಸರಿರಬೇಕು. ಬೀಗದ ಕೈ ಅವರ ಹತ್ತಿರ ಇರಬೇಕು. ತಿಂಗಳಿಗೊಂದು ಸಲ ಲೆಕ್ಕವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು.

ಗೆಳೆಯರೇ, ಪರೀಕ್ಷೆ ಮುಗಿಸಿ ನೀವೆಲ್ಲ ಊರಿಗೆ ಹೋಗ್ತೀರಿ. ಕೇರಿಗೆ ಕಾಲಿಟ್ಟ ದಿನವೇ ಒಂದು ಪ್ರಶ್ನೆ ಕೇಳಿ: ಭವನದ ಬೀಗದ ಕೈ ಯಾರ ಹತ್ತಿರ ಇದೆ? ಉತ್ತರ ಸಿಕ್ಕಿದರೆ ಆವತ್ತು ಸಂಜೆಯೇ ಬಾಗಿಲು ತೆಗೆಸಿ, ಕಸ ಗುಡಿಸಿ, ಐದು ಮಕ್ಕಳನ್ನು ಕೂರಿಸಿಕೊಳ್ಳಿ. ಸಿಗದಿದ್ದರೆ ಮೊದಲ ಅರ್ಜಿ ಬರೆಯೋಕೆ ನಿಮಗೆ ವಿಷಯ ಸಿಕ್ಕಿತು ಅಂತ ತಿಳಿಯಿರಿ.

ಜೈ ಭೀಮ್.