ಪಿಂಕ್ ಫ್ಲಾಯ್ಡ್ ಕೇಳಿ ಚಿಕ್ಕಪ್ಪ ಏಳು ಎಣಿಸಿದ್ರು



ಹೋದ ಸಂಚಿಕೆ ಆದ್ಮೇಲೆ ಒಬ್ಬರು ಮೆಸೇಜ್ ಹಾಕಿದ್ರು. "ಬ್ರೋ, ನೀನು ದೊಡ್ಡಬಳ್ಳಾಪುರದವನು. ಪಿಂಕ್ ಫ್ಲಾಯ್ಡ್ ಅಂತೆಲ್ಲ ಮಾತಾಡ್ತೀಯ, ಸ್ವಲ್ಪ ಓವರ್ ಆಗಲ್ವಾ?" ಓದಿದ ತಕ್ಷಣ ಕೋಪ ಬಂತು, ಸುಳ್ಳು ಹೇಳಲ್ಲ. ಆದ್ರೆ ಇದೇ ಪ್ರಶ್ನೆ ನನ್ನೊಳಗೂ ವರ್ಷಗಟ್ಟಲೆ ಇತ್ತು. ಬಿಕಾಂ ಓದೋವಾಗ ಬೆಂಗಳೂರಿಗೆ ಓಡಾಡ್ತಿದ್ದೆ. ಪಿಂಕ್ ಫ್ಲಾಯ್ಡ್ ಟೀಶರ್ಟ್ ಹಾಕ್ಕೊಂಡು ಬರೋರು ನನಗೆ ಬರದ ಥರದ ಇಂಗ್ಲಿಷ್ ಮಾತಾಡೋರು. ನಾನೂ ಅದೇ ಹಾಡು ಕೇಳ್ತಿದ್ದೆ, ಆದ್ರೆ ಬಾಯಿ ಬಿಡ್ತಿರಲಿಲ್ಲ. ಬ್ಯಾಂಡ್ ಹೆಸರು ತಪ್ಪಾಗಿ ಹೇಳ್ಬಿಟ್ರೆ ಏನ್ ಗತಿ ಅಂತ.

ಅದಕ್ಕೇ ಇವತ್ತು ಪ್ರೋಗ್ರೆಸಿವ್ ರಾಕ್ ಬಗ್ಗೆ ಮಾತು. ಚಿಕ್ಕದಾಗಿ ಪ್ರೋಗ್.

ಹಿನ್ನೆಲೆ ಬೇಗ ಹೇಳ್ಬಿಡ್ತೀನಿ. 1960ರ ದಶಕದ ಕೊನೆ, ಇಂಗ್ಲೆಂಡ್. ರೇಡಿಯೋದಲ್ಲಿ ಹಾಡು ಅಂದ್ರೆ 3 ನಿಮಿಷ. ಆದ್ರೆ ಎಲ್‌ಪಿ ರೆಕಾರ್ಡಿನ ಒಂದು ಬದಿಯಲ್ಲಿ 20 ನಿಮಿಷಕ್ಕಿಂತ ಜಾಸ್ತಿ ಜಾಗ ಇತ್ತು. ಆ ಜಾಗ ಪೂರ್ತಿ ಒಂದೇ ಹಾಡಿಗೆ ಯಾಕೆ ಕೊಡಬಾರದು ಅಂತ ಕೆಲವು ಹುಡುಗರಿಗೆ ಅನ್ನಿಸ್ತು. 1969ರ ಅಕ್ಟೋಬರ್‌ನಲ್ಲಿ ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಮ್ ಬಂತು. 1971ರಲ್ಲಿ ಪಿಂಕ್ ಫ್ಲಾಯ್ಡ್ ‘ಎಕೋಸ್’ ಅಂತ 23 ನಿಮಿಷದ ಹಾಡು ಮಾಡಿದ್ರು, ರೆಕಾರ್ಡಿನ ಒಂದು ಬದಿ ಪೂರ್ತಿ ಅದೊಂದೇ. 1972ರಲ್ಲಿ ಜೆಥ್ರೋ ಟಲ್ ಇನ್ನೂ ಮುಂದೆ ಹೋದ್ರು: ‘ಥಿಕ್ ಆ್ಯಸ್ ಎ ಬ್ರಿಕ್’, ಇಡೀ ಆಲ್ಬಮ್ ಒಂದೇ ಹಾಡು. ಮಧ್ಯದಲ್ಲಿ ಎದ್ದು ರೆಕಾರ್ಡ್ ತಿರುಗಿಸಿ ಹಾಕ್ಬೇಕು, ಅಷ್ಟೇ.

"20 ನಿಮಿಷ ಯಾರ್ ಕೇಳ್ತಾರೆ ಗುರು?" ಅಂತೀರ. ರೀ, ನಮ್ಮ ತಾಲ್ಲೂಕಲ್ಲಿ ಕುರುಕ್ಷೇತ್ರ ನಾಟಕ ರಾತ್ರಿ ಊಟ ಆದ್ಮೇಲೆ ಶುರುವಾದ್ರೆ ಮುಗಿಯೋದು ಬೆಳಕು ಹರಿದ್ಮೇಲೆ. ಕೃಷ್ಣನ ಪಾತ್ರದೋರು ಒಂದು ಹಾಡು ಎತ್ಕೊಂಡ್ರೆ ಹಾರ್ಮೋನಿಯಂ ಮೇಷ್ಟ್ರು ಸುಮ್ನೆ ಬಿಡ್ತಾರಾ? ಜನ ಚೆನ್ನಾಗಿತ್ತು ಅಂದ್ರೆ ಅದೇ ಹಾಡು ಇನ್ನೊಂದ್ಸಲ. ಚಾಪೆ, ಕಂಬಳಿ ತಗೊಂಡು ಹೋಗಿ ಕೂತು ಕೇಳೋ ಊರಲ್ಲಿ ಹುಟ್ಟಿದೋರಿಗೆ ಉದ್ದದ ಹಾಡು ಹೊಸದಲ್ಲ. ಅದನ್ನ ಮರೆತಿದ್ದೀವಿ, ರೀಲ್ಸ್ ಕಾಲ.

ಈಗ ಚಿಕ್ಕಪ್ಪನ ಕಥೆ. ಅವರು ನಾಟಕಗಳಿಗೆ ತಬಲಾ ನುಡಿಸ್ತಾರೆ, ಇಂಗ್ಲಿಷ್ ಬರಲ್ಲ. ಒಂದಿನ ನಾನು ಸ್ಪೀಕರಲ್ಲಿ ‘ಮನಿ’ ಹಾಕಿದ್ದೆ. 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್‌ದು. ಶುರುವಲ್ಲಿ ಚಿಲ್ಲರೆ ಕಾಸಿನ ಸದ್ದು, ಗಲ್ಲಾಪೆಟ್ಟಿಗೆ ಸದ್ದು, ಕಾಗದ ಹರಿಯೋ ಸದ್ದು. ಕಂಪ್ಯೂಟರ್ ಇಲ್ಲದ ಕಾಲ, ಟೇಪನ್ನ ಅಳತೆ ಮಾಡಿ ಕತ್ತರಿಸಿ ಅಂಟಿಸಿ ಮಾಡಿದ್ದು. ಚಿಕ್ಕಪ್ಪ ಬಾಗಿಲಲ್ಲೇ ನಿಂತ್ರು. ತೊಡೆ ಮೇಲೆ ಬೆರಳು ಆಡಿಸಿದ್ರು. "ಏಳು ಮಾತ್ರೆ ಐತಲ್ಲೋ ಇದು" ಅಂದ್ರು.

ಹೌದು, ಏಳೇ. ಸಿನಿಮಾ ಹಾಡು, ರಾಕ್ ಹಾಡು ಹೆಚ್ಚಿನವು ನಾಲ್ಕರಲ್ಲಿ ಓಡ್ತವೆ. ‘ಮನಿ’ ಏಳರಲ್ಲಿ. ಕರ್ನಾಟಕ ಸಂಗೀತದಲ್ಲಿ ಮಿಶ್ರಛಾಪು ಅಂತಾರಲ್ಲ, ತಕಿಟ ತಕಧಿಮಿ, ಆ ಏಳು. ನಾನು ಐದು ವರ್ಷ ಆ ಹಾಡು ಕೇಳಿದ್ರೂ ಒಂದ್ಸಲಾನೂ ಎಣಿಸಿರಲಿಲ್ಲ. ಗಿಟಾರ್ ಸೋಲೋ ಬಂದ ಕೂಡ್ಲೇ ಚಿಕ್ಕಪ್ಪ, "ಈಗ ನಾಕಕ್ಕೆ ಬಂದ್ರು" ಅಂದ್ರು. ಅದೂ ಸರಿ. ಸ್ಯಾಕ್ಸೋಫೋನ್ ಏಳರಲ್ಲಿ ಕಷ್ಟಪಟ್ಟು ಬರುತ್ತೆ, ಗಿಟಾರ್ ಬಂದಾಗ ತಾಳ ನಾಲ್ಕಕ್ಕೆ ಬಿಚ್ಚಿಕೊಳ್ಳುತ್ತೆ. ಆಮೇಲೆ ಜೆಥ್ರೋ ಟಲ್‌ನ ‘ಲಿವಿಂಗ್ ಇನ್ ದಿ ಪಾಸ್ಟ್’ ಹಾಕಿದೆ, 1969ದು, ಕೊಳಲಿರೋ ಹಾಡು. "ಐದು" ಅಂದ್ರು, ಕಾಫಿ ಲೋಟ ಕೆಳಗಿಡದೇನೇ.

ಅವತ್ತಿಂದ ನನ್ನ ಭಯ ಅರ್ಧ ಹೋಯ್ತು. ಟೀಶರ್ಟ್ ಹಾಕೋರಿಗಿಂತ ನಮ್ಮ ಚಿಕ್ಕಪ್ಪಂಗೇ ಈ ಸಂಗೀತ ಜಾಸ್ತಿ ಅರ್ಥ ಆಗಿತ್ತು.

ಉಳಿದರ್ಧ ಹೋಗಿದ್ದು ಮಗ್ಗದಿಂದ. ದೊಡ್ಡಬಳ್ಳಾಪುರ ಅಂದ್ರೆ ಪವರ್‌ಲೂಮ್, ಗೊತ್ತಲ್ಲ. ನಮ್ಮನೇಲಿ ಎರಡು ಮಗ್ಗ ಇದ್ವು. ಎರಡೂ ಒಂದೇ ಥರ ಓಡಲ್ಲ. ಒಂದು ಕೂದಲೆಳೆಯಷ್ಟು ಮುಂದೆ ಹೋಗುತ್ತೆ, ಲಾಳಿ ಸದ್ದು ಬೇರೆ ಬೇರೆ ಆಗುತ್ತೆ, ಸ್ವಲ್ಪ ಹೊತ್ತಾದ್ಮೇಲೆ ಎರಡೂ ಒಟ್ಟಿಗೇ ಹೊಡೀತವೆ. ಮತ್ತೆ ಬೇರೆ. ಕಿಂಗ್ ಕ್ರಿಮ್ಸನ್‌ನ 1981ರ ‘ಫ್ರೇಮ್ ಬೈ ಫ್ರೇಮ್’ ಕೇಳಿ. ಎರಡು ಗಿಟಾರ್ ಒಂದೇ ಸ್ವರಗುಚ್ಛ ನುಡಿಸ್ತಿರ್ತವೆ, ಒಂದು ಗಿಟಾರ್ ಒಂದು ಸ್ವರ ಬಿಟ್ಟುಬಿಡುತ್ತೆ. ದೂರ ಆಗ್ತಾ ಹೋಗಿ ಮತ್ತೆ ಬಂದು ಸೇರ್ತವೆ. ಮೊದಲ ಸಲ ಕೇಳಿದಾಗ ನಕ್ಕೆ. ಇದು ನಮ್ಮನೆ ಹಜಾರದ ಸದ್ದು ಕಣ್ರೀ!

ಎರಡು ವರ್ಷದ ಹಿಂದೆ ಮಗ್ಗ ಮಾರಿದ್ವಿ. ಲೆಕ್ಕ ಹಾಕಿದವನು ನಾನೇ, ಬಿಕಾಂ ಅಲ್ವಾ. ನೂಲಿನ ಬೆಲೆ, ಕರೆಂಟು, ಕೂಲಿ, ಹೇಗೆ ಕೂಡಿದ್ರೂ ಗಿಟ್ಟಲಿಲ್ಲ. ಅಪ್ಪ ಒಂದು ಮಾತೂ ಆಡಲಿಲ್ಲ. ಅವತ್ತು ರಾತ್ರಿ ಮನೇಲಿ ಯಾರಿಗೂ ನಿದ್ದೆ ಬರಲಿಲ್ಲ, ಅಷ್ಟು ನಿಶ್ಶಬ್ದ. ನಾನು ಟೆರೇಸ್ ಮೇಲೆ ಹೋಗಿ ಆ ಹಾಡು ಹಾಕ್ಕೊಂಡು ಕೂತಿದ್ದೆ. ಇನ್ನೂ ಅಪ್ಪಂಗೆ ಅದನ್ನ ಕೇಳಿಸಿಲ್ಲ. ಧೈರ್ಯ ಬಂದಿಲ್ಲ.

ಸರಿ, ಎಲ್ಲಾ ಹೊಗಳಿಕೆಯೇ ಅಂದ್ಕೋಬೇಡಿ. ಪ್ರೋಗ್‌ನಲ್ಲಿ ಬೋರೂ ಇದೆ, ಜಂಬಾನೂ ಇದೆ. 1973ರಲ್ಲಿ ಯೆಸ್ ಬ್ಯಾಂಡ್ ಎರಡು ಎಲ್‌ಪಿ ತುಂಬ ಬರೀ ನಾಲ್ಕು ಹಾಡಿಟ್ರು. ಅವರ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್‌ಗೇ ಅದು ಹಿಡಿಸಲಿಲ್ಲ. ಕಾರ್ಯಕ್ರಮದ ಮಧ್ಯೆ ಸ್ಟೇಜ್ ಮೇಲೇ ಕರಿ ತರಿಸಿ ತಿಂದೆ ಅಂತ ಆಮೇಲೆ ಅವರೇ ಹೇಳ್ಕೊಂಡಿದ್ದಾರೆ. ನಾನೂ ಎರಡು ಸಲ ಶುರು ಮಾಡಿ ಎರಡೂ ಸಲ ಬಿಟ್ಟಿದ್ದೀನಿ. ಅದೇ ಬ್ಯಾಂಡಿನ 1972ರ ‘ಕ್ಲೋಸ್ ಟು ದಿ ಎಡ್ಜ್’ ಮಾತ್ರ ಬಿಡಬೇಡಿ.

ಇದೆಲ್ಲ ದೂರದ ವಿಷಯಾನೂ ಅಲ್ಲ. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿ ಹೋದ್ರು. ಆಗ ನಾನಿನ್ನೂ ಅ ಆ ಇ ಈ ತಿದ್ದೋ ಹುಡುಗ. ಮತ್ತೆ ಬೆಂಗಳೂರಲ್ಲೇ ಅಗಮ್ ಇದ್ದಾರೆ, 2003ರಿಂದ. ತಮ್ಮದು ಕರ್ನಾಟಿಕ್ ಪ್ರೋಗ್ರೆಸಿವ್ ರಾಕ್ ಅಂತಾನೇ ಹೇಳ್ಕೋತಾರೆ. 2012ರ ಅವರ ಮೊದಲ ಆಲ್ಬಮ್‌ನಲ್ಲಿ ಸ್ವಾತಿ ತಿರುನಾಳ್ ಅವರ ಧನಾಶ್ರೀ ತಿಲ್ಲಾನ ಇದೆ, ಡ್ರಮ್ಸ್, ಗಿಟಾರ್ ಜೊತೆ. ಚಿಕ್ಕಪ್ಪಂಗೆ ಕೇಳಿಸ್ದೆ. ತಲೆ ಆಡಿಸಿದ್ರು, ಆಮೇಲೆ "ಸೌಂಡ್ ಸ್ವಲ್ಪ ಜಾಸ್ತಿ" ಅಂದ್ರು.

ನನ್ನ ಆಸೆ ಒಂದೇ: 20 ನಿಮಿಷದ ಕನ್ನಡ ಹಾಡು, ಏಳು ಮಾತ್ರೇಲಿ, ಮಧ್ಯೆ ಒಂದು ಕಂದ ಪದ್ಯ. ಯಾರಾದ್ರೂ ಮಾಡ್ತಿದ್ರೆ ಕಳಿಸಿ, ಇಲ್ಲೇ ಪೂರ್ತಿ ಹಾಕ್ತೀನಿ, ಕತ್ತರಿ ಹಾಕಲ್ಲ.

ಮೆಸೇಜ್ ಹಾಕಿದ ಬ್ರೋಗೆ ಒಂದು ಕೆಲಸ. ಇವತ್ತು ರಾತ್ರಿ ಡೇಟಾ ಆಫ್ ಮಾಡಿ, ‘ಎಕೋಸ್’ ಮೊದಲೇ ಡೌನ್‌ಲೋಡ್ ಮಾಡ್ಕೊಂಡು, ಲೈಟ್ ಆರಿಸಿ 23 ನಿಮಿಷ ಮಲಗಿ ಕೇಳು. ಮಧ್ಯದಲ್ಲಿ ತಾಳ ಎಲ್ಲಾ ನಿಂತು ಬರೀ ಗಾಳಿ, ಹಕ್ಕಿ ಕೂಗಿದ ಹಾಗೆ ಬರುತ್ತೆ, ಅಲ್ಲಿ ಫಾರ್ವರ್ಡ್ ಮಾಡಬೇಡ. ನಾಳೆ ಮತ್ತೆ ಮೆಸೇಜ್ ಹಾಕು.